ಮುನ್ಸೀಫರ ಮನೆಯಲ್ಲಿ ಕಾವಿಗೆ ಕೂತ ಕೋಳಿ

ನನ್ನನ್ನು ನೋಡಲು ಗಂಡಿನ ಕಡೆಯವರು ಕಂಪ್ಲಿಗೆ ಬರುವ ಮೊದಲೇ ನಮ್ಮಪ್ಪ ಅವರ ಊರಿಗೆ ಹೋಗಿ ಕೊಟ್ಟಿಗೆ ನೋಡಿಕೊಂಡು ಬಂದಿದ್ದ. ಐದು ಎಮ್ಮೆ, ನಾಲ್ಕು ಎತ್ತು, ಎಲ್ಲವೂ ಮೈ ತುಂಬಿಕೊಂಡು ಮಿಂಚುತ್ತಿವೆ ಎಂದು ಅವ್ವನಿಗೆ ವರದಿ ಒಪ್ಪಿಸಿದ. ಹುಡುಗ ಹೇಗಿದ್ದಾನೆ ಎಂದು ಅವ್ವ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, "ಅವನೂ ಇದ್ದ" ಎಂದನಂತೆ. ಮದುವೆ ಆಯಿತು. ಅಪ್ಪ ನೋಡಿ ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಮನೆಯಲ್ಲಿ ಮರ್ಯಾದೆಯಿಂದ ಬದುಕುತ್ತಿದ್ದ ಜೀವಗಳೆಂದರೆ ಎಮ್ಮೆ ಮತ್ತು ಎತ್ತು. ನನ್ನ ಗಂಡ ತನ್ನಪ್ಪ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದನ್ನೇ ಉದ್ಯೋಗ ಮಾಡಿಕೊಂಡಿದ್ದ.

ಊರು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಕಡ್ಡಿರಾಂಪುರಕ್ಕೆ ಸ್ವಲ್ಪ ಈಚೆಗೆ. ಹಳೆಯ ಕಾಲುವೆಯ ನೀರು, ಭತ್ತ, ಕಬ್ಬು, ಬಾಳೆ. ಬ್ರಿಟಿಷರ ಕಾಲ ಅದು. ಮಾವ ಊರಿಗೆ ಗ್ರಾಮ ಮುನ್ಸೀಫ, ಅಂದರೆ ಕಂದಾಯ ಎತ್ತಿ ಸರ್ಕಾರದ ಹುಕುಂ ನಡೆಸುವವರು. ಮದರಾಸಿನ ಸರ್ಕಾರ ಹೇಗಿರುತ್ತದೆ ಎಂದು ನಮ್ಮೂರಿನವರು ಯಾರೂ ನೋಡಿರಲಿಲ್ಲ. ಮಾವನ ಮೀಸೆಯನ್ನು ನೋಡಿ ಇದ್ದರೂ ಹೀಗೇ ಇರಬೇಕು ಅಂದುಕೊಳ್ಳುತ್ತಿದ್ದರು.

ನಮ್ಮದು ಲಿಂಗ ಕಟ್ಟಿಕೊಂಡ ಶೈವರ ಮನೆ. ಶುದ್ಧವೆಂದರೆ ಅಂತಿಂಥ ಶುದ್ಧವಲ್ಲ. ಆಚೆ ಓಣಿಯ ಕೋಳಿಯೊಂದು ದಾರಿ ತಪ್ಪಿ ಹಿತ್ತಲಿಗೆ ಕಾಲಿಟ್ಟರೆ ಅದನ್ನು ಓಡಿಸಿದ ಮೇಲೆ ಇಡೀ ಹಿತ್ತಲನ್ನು ಸಾರಿಸಬೇಕು. ಸಾರಿಸುವವಳು ನಾನು. ಅತ್ತೆ ಕೋಳಿ ಎಂಬ ಹೆಸರನ್ನೇ ಬಾಯಿಂದ ಹೇಳುತ್ತಿರಲಿಲ್ಲ. "ಅದು ಬಂದಿತ್ತು ನೋಡು" ಎನ್ನುತ್ತಿದ್ದರು. ಎಮ್ಮೆ ಮಾತ್ರ ಅಡುಗೆಮನೆಯ ಬಾಗಿಲಿನವರೆಗೆ ಬಂದು ಮುಸುರೆ ಕುಡಿದು ಹೋಗಬಹುದಿತ್ತು.

ಇನ್ನೊಂದು ಕಟ್ಟಳೆ ಹಾಲಿನದು. ನಮ್ಮ ಮನೆಯಲ್ಲಿ ಹಾಲು ಮಾರುತ್ತಿರಲಿಲ್ಲ. ಹಾಲು ಮಾರುವುದೆಂದರೆ ಮಗನನ್ನು ಮಾರಿದಷ್ಟು ಪಾಪ. ಹಾಗೆಂದು ಕೊಡುತ್ತಲೂ ಇರಲಿಲ್ಲ. ಹಸಿ ಹಾಲು ಹೊಸ್ತಿಲು ದಾಟಿದರೆ ಎಮ್ಮೆಗೆ ಕಣ್ಣಾಗಿ ಕೆಚ್ಚಲು ಬತ್ತುತ್ತದಂತೆ. ಕಡೆದು, ಬೆಣ್ಣೆ ತೆಗೆದು, ಬೇಕಾದಷ್ಟು ನೀರು ಸುರಿದ ಮೇಲೆ ಉಳಿಯುವ ಮಜ್ಜಿಗೆಯನ್ನು ಯಾರು ಬಂದರೂ ಧಾರಾಳವಾಗಿ ಹೊಯ್ಯುತ್ತಿದ್ದರು. ಊರಿಗೆಲ್ಲ ಆ ಮನೆ ದಾನಕ್ಕೆ ಹೆಸರಾದದ್ದು ಹೀಗೆ.

ಕೊಟ್ಟಿಗೆಯ ಸೆಗಣಿ ಬಾಚಿ ಎಮ್ಮೆಗಳ ಮೈ ತೊಳೆಯಲು ಆಚೆ ಓಣಿಯಿಂದ ಒಬ್ಬ ಮುದುಕಿ ಬರುತ್ತಿದ್ದಳು. ಅವಳ ಮಗಳು ಹೆರಿಗೆಯಾದ ಮೂರನೆಯ ತಿಂಗಳಿಗೆ ಜ್ವರ ಬಂದು ಹೋಗಿಬಿಟ್ಟಿದ್ದಳು. ಹೆಣ್ಣುಕೂಸೊಂದು ಮುದುಕಿಯ ಪಾಲಿಗೆ ಉಳಿದಿತ್ತು. ಅದನ್ನು ಹಳೆಯ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಸೆಗಣಿ ಬಾಚುತ್ತಿದ್ದಳು. ಕೂಸಿಗೆ ಜೋಳದ ಗಂಜಿಯ ತಿಳಿ ಕುಡಿಸುತ್ತಿದ್ದಳು. ಅದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಐದು ಎಮ್ಮೆಗಳ ಕೆಚ್ಚಲು ತೊಳೆಯುವ ಹೆಂಗಸಿನ ಬೆನ್ನ ಮೇಲೆ ಆ ಕೂಸು ಹಾಲಿಗೆ ಅಳುತ್ತಿತ್ತು. ನಾವು ಯಾರೂ ಅದನ್ನು ವಿಚಿತ್ರ ಅಂದುಕೊಂಡಿರಲಿಲ್ಲ. ಅಳುವ ಕೂಸು ಅಂದುಕೊಂಡಿದ್ದೆವು.

ಮುದುಕಿ ಮಾತ್ರ ಒಂದು ದಾರಿ ಹುಡುಕಿಕೊಂಡಿದ್ದಳು. ಕಡ್ಡಿರಾಂಪುರದ ಆಡಿನವನೊಬ್ಬನ ಜೊತೆ ಅವಳಿಗೆ ಮಾತಾಗಿತ್ತು: ತಾಯಿಕೋಳಿ ಮತ್ತು ಅದರ ಹಿಂದೆ ಒಂದು ಡಜನ್ ಮರಿ ತಂದುಕೊಟ್ಟರೆ ಅವನು ಹಾಲು ಕರೆಯುವ ಒಂದು ಆಡು ಕೊಡಬೇಕು. ಅವಳಲ್ಲಿ ಇದ್ದದ್ದು ಒಂದೇ ಕೆಂಚು ಕೋಳಿ. ಅದರ ತತ್ತಿ ಒಂದನ್ನೂ ಮಾರದೆ, ತಿನ್ನದೆ ಹನ್ನೆರಡು ಕೂಡಿಸಿ ಕಾವಿಗೆ ಕೂರಿಸಿದ್ದಳು. "ಇಪ್ಪತ್ತೊಂದು ದಿನ ಅಷ್ಟ ರೀ ಅವ್ವಾ. ಆಮ್ಯಾಲ ನನ್ನ ಕೂಸು ಹಾಲು ಕುಡೀತೈತಿ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು.

ಒಂಬತ್ತು ದಿನ ಕಳೆಯುವ ಹೊತ್ತಿಗೆ ಕ್ಯಾಂಪು ಬಂತು. ಯಾರೋ ದೊಡ್ಡ ಸಾಹೇಬರು ಹಂಪಿಯ ಕಲ್ಲು ಅಳೆಯಲು ಬಂದು ಕಮಲಾಪುರದ ಬಂಗಲೆಯಲ್ಲಿ ಇಳಿದರು. ಕಲ್ಲು ಅಳೆಯುವವರಿಗೆ ಅಷ್ಟು ಹಸಿವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ದಿನವೂ ಹುಲ್ಲು, ಕಟ್ಟಿಗೆ, ಹಾಲು, ತತ್ತಿ, ಕೋಳಿ ಸುತ್ತಲ ಊರುಗಳಿಂದ ಹೋಗಬೇಕು. ನಮ್ಮೂರ ಪಾಲು ಒಟ್ಟುಮಾಡುವ ಭಾರ ಮುನ್ಸೀಫರದು, ಅಂದರೆ ಮಾವನದು. ಅವರು ಕಟ್ಟೆಯ ಮೇಲೆ ಕೂತು ಊರ ಕಾವಲುಗಾರ ತಳವಾರನಿಗೆ ಗೋಣು ಆಡಿಸಿದರೆ ಅವನು ಆಚೆ ಓಣಿಗೆ ಹೋಗಿ ಕೈಗೆ ಸಿಕ್ಕ ಕೋಳಿ ಹಿಡಿದು ತರುತ್ತಿದ್ದ. ಬೆಲೆ ಕೊಡಬೇಕೆಂದು ಸರ್ಕಾರದ ಕಾಗದದಲ್ಲಿತ್ತಂತೆ. ಕಾಗದ ಓದಲು ಬರುವವರ ಮನೆಯಲ್ಲಿ ಕೋಳಿ ಇರಲಿಲ್ಲ, ಕೋಳಿ ಇದ್ದವರಿಗೆ ಕಾಗದ ಓದಲು ಬರುತ್ತಿರಲಿಲ್ಲ. ಕೆಲವರು ಸಾಹೇಬರ ಹುಕುಂ ನಡೆಯದ ರಾಜರ ಸೀಮೆ ಸೊಂಡೂರಿನ ನೆಂಟರ ಮನೆಗೆ ತಮ್ಮ ಕೋಳಿಗಳನ್ನು ಸಾಗಿಸಿದರು. ನೆಂಟರಿಲ್ಲದವರು ಸುಮ್ಮನೆ ಕಳೆದುಕೊಂಡರು. ಮಾವ ಇಷ್ಟೆಲ್ಲ ನಡೆಸಿ ಸಂಜೆ ಕೈಕಾಲು ತೊಳೆದು ಲಿಂಗಪೂಜೆಗೆ ಕೂಡುತ್ತಿದ್ದರು. ಅವರ ಕೈಯಲ್ಲಿ ಒಂದು ಪುಕ್ಕವೂ ಅಂಟಿರುತ್ತಿರಲಿಲ್ಲ.

ಮೊದಲ ದಿನ ನಮ್ಮ ಮನೆಯಿಂದಲೇ ಎರಡು ಕೊಡ ಹಸಿ ಹಾಲು ಬಂಗಲೆಗೆ ಹೋಯಿತು, ನೊರೆ ಸಮೇತ. ನಾನು ಬಾಯಿ ತಡೆಯಲಾರದೆ ಅತ್ತೆಯನ್ನು ಕೇಳಿದೆ, "ಹೊಸ್ತಿಲಾ ದಾಟಿತಲ್ರಿ. ಎಮ್ಮಿಗೆ ಕಣ್ಣಾಗೂದಿಲ್ಲೇನು?"

ಅತ್ತೆ ಕಡಗೋಲು ನಿಲ್ಲಿಸದೆ ಹೇಳಿದರು, "ದೊರಿ ಕಣ್ಣು ತಾಗೂದಿಲ್ಲ. ಹೊಟ್ಟಿ ತುಂಬಿದವರ ಕಣ್ಣು ಅದು."

ಮರುದಿನ ಮಧ್ಯಾಹ್ನ ಮುದುಕಿ ಸೆಗಣಿಯ ಬುಟ್ಟಿ ಹೊತ್ತುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಸಾಮಾನ್ಯವಾಗಿ ಬುಟ್ಟಿ ತುಂಬಿಕೊಂಡು ಹೊರಗೆ ಹೋಗುವವಳು ಅಂದು ತುಂಬಿಕೊಂಡೇ ಒಳಗೆ ಬಂದಿದ್ದಳು. ಮೇಲೆ ನಾಲ್ಕು ಒಣ ಸೆಗಣಿಯ ಕುಳ್ಳು, ಕೆಳಗೆ ಹರಕು ಕಂಬಳಿ, ಅದರೊಳಗೆ ತತ್ತಿಗಳ ಮೇಲೆ ಕೂತ ಕೆಂಚು ಕೋಳಿ. "ತಳವಾರ ನಾಳಿ ನಮ್ಮ ಸಾಲಿಗೆ ಬರ್ತಾನ್ರಿ ಅವ್ವಾ. ಊರಾಗ ಅವ ಹುಡುಕಲಾರದ ಮನಿ ಇದೊಂದ. ಹನ್ನೊಂದು ದಿನ ಇಟ್ಕೊಳ್ರಿ" ಎಂದಳು.

ಹಿಂದಿನ ದಿನ ಹಾಲಿನ ಕೊಡ ಕಂಡಿರದಿದ್ದರೆ ನಾನು ಖಂಡಿತ ಒಲ್ಲೆ ಅನ್ನುತ್ತಿದ್ದೆ. ಈಗ ಮೈಯೆಲ್ಲ ಉರಿಯುತ್ತಿತ್ತು. ಎಮ್ಮೆಗಳ ತೌಡು, ಹತ್ತಿಕಾಳು ಇಡುವ ಹೊಟ್ಟಿನ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕೋಳಿ ಹಿಡಿಸುವ ಮುನ್ಸೀಫರ ಮನೆಯಲ್ಲಿಯೇ, ದೇವರ ಕೋಣೆಯಿಂದ ಒಂದು ಗೋಡೆ ಈಚೆಗೆ, ಕೋಳಿಯನ್ನು ಕೂರಿಸಿ ಬೀಗ ಹಾಕಿದೆ. ನನಗೆ ಭಾಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ದಿನಕ್ಕೊಮ್ಮೆ ಒಂದು ಹಿಡಿ ಜೋಳ, ಒಂದು ತೆಂಗಿನ ಪರಟೆ ನೀರು ಇಡುವುದು ಅಷ್ಟೇ ಕೆಲಸ. ಮುಟ್ಟಬೇಕಾಗಿಯೂ ಇರಲಿಲ್ಲ.

ಇನ್ನು ನನ್ನ ಬುದ್ಧಿವಂತಿಕೆ ಹೇಳುತ್ತೇನೆ. ನಾನು ಹುಟ್ಟಿದ ಮನೆಯಲ್ಲಿಯೂ ಕೋಳಿ ಕಂಡವಳಲ್ಲ. ಎಮ್ಮೆಯ ವಿಷಯ ಕೇಳಿ, ಯಾವ ಕಾಯಿಲೆಗೆ ಯಾವ ಸೊಪ್ಪು ಎಂದು ಹೇಳುತ್ತಿದ್ದೆ. ಎಮ್ಮೆಗೆ ಮೇವು ಬೇಡವಾಯಿತೆಂದರೆ ರೋಗ. ಗಾಳಿಗೆ ಕಟ್ಟಬೇಕು, ನಡೆಸಾಡಿಸಬೇಕು. ಈ ಕೋಳಿ ಜೋಳವನ್ನು ಹಾಗೇ ಬಿಡುತ್ತಿತ್ತು. ದಿನದಿನಕ್ಕೆ ಸೊರಗಿತು. ಎದೆಯ ಪುಕ್ಕ ಉದುರಿತು. ಹತ್ತಿರ ಹೋದರೆ ಕಣ್ಣು ಅರೆಮುಚ್ಚಿಕೊಂಡು ಕೊರ್ ಕೊರ್ ಎನ್ನುತ್ತಿತ್ತು. ಇದು ಸತ್ತರೆ ಮುದುಕಿಗೆ ಏನು ಹೇಳಲಿ ಎಂದು ಗಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ. ಹತ್ತೊಂಬತ್ತನೆಯ ದಿನ ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ, ಕೋಳಿಯನ್ನು ಸೆರಗಿನಲ್ಲಿ ಹಿಡಿದು ಎತ್ತಿ ತಂದು ಹಿತ್ತಲ ಬಿಸಿಲಿಗೆ ಬಿಟ್ಟೆ. ಎಮ್ಮೆಗೆ ಮಾಡುವ ಹಾಗೆ ಹಿಂದಿನಿಂದ ಹುಶ್ ಹುಶ್ ಎಂದು ನಡೆಸಾಡಿಸಿದೆ ಕೂಡ.

ಕಾವಿನ ಕೋಳಿಯನ್ನು ತತ್ತಿಯ ಮೇಲಿನಿಂದ ಎಬ್ಬಿಸಿದರೆ ಅದು ಊರಿಗೆಲ್ಲ ಕೇಳುವ ಹಾಗೆ ಬೈಯುತ್ತದೆ ಎಂದು ಆಚೆ ಓಣಿಯ ಮೂರು ವರ್ಷದ ಹುಡುಗಿಗೂ ಗೊತ್ತು. ಮಾವನಿಗೆ ಸುದ್ದಿ ಹೇಳಲು ಬಂದಿದ್ದ ತಳವಾರ ಆ ಗದ್ದಲಕ್ಕೆ ಹಿತ್ತಲಿಗೆ ಬಂದ. ನನ್ನನ್ನು ನೋಡಿ ತಲೆ ತಗ್ಗಿಸಿ, "ತಪ್ಪಿ ಬಂದೈತೇಳ್ರಿ ಅವ್ವಾ, ನೀವು ಸರೀರಿ, ಮೈಲಿಗಿ ಆದೀತು" ಎಂದು ಬಹಳ ಮರ್ಯಾದೆಯಿಂದ ಅದರ ಎರಡೂ ಕಾಲು ಹಿಡಿದು ತಲೆಕೆಳಗು ಮಾಡಿ ಪಡಸಾಲೆಗೆ ಒಯ್ದ. ಅಂದು ಸಾಹೇಬರ ಕಡೆಯ ದಿನ. ಕೊನೆಯ ಊಟಕ್ಕೆ ನಮ್ಮೂರಿನಿಂದ ಒಂದು ಕೋಳಿ ಕಡಿಮೆ ಬಿದ್ದಿತ್ತು. ಆಚೆ ಓಣಿ ಅಷ್ಟರಲ್ಲಿ ಖಾಲಿಯಾಗಿತ್ತು.

ಒಳಗಿನಿಂದ ಮಾವನ ಮಾತು ನನಗೆ ಕೇಳಿಸಿತು. "ನೋಡಲೇ, ಶಿವನ ಕಳಿಸಿಕೊಟ್ಟಾನ. ಹೋಗು, ಜಲ್ದಿ ಮುಟ್ಟಿಸು."

ಒಂದು ಮಾತು ಆಡಿದ್ದರೆ ಸಾಕಿತ್ತು. ಅದು ಮುದುಕಿಯದು, ಬಿಡಿ ಎಂದಿದ್ದರೆ ಸಾಕಿತ್ತು. ಆಡಲಿಲ್ಲ. ಆಡಿದರೆ ಕೋಳಿ ಹೊಟ್ಟಿನ ಕೋಣೆಗೆ ಹೇಗೆ ಬಂತು ಎಂದು ಹೇಳಬೇಕಾಗುತ್ತಿತ್ತು. ಮಾವನ ಶುದ್ಧವನ್ನು ಒಳಗೊಳಗೇ ಹಂಗಿಸುತ್ತಿದ್ದ ನಾನು ನನ್ನ ಹೆಸರು ಕೆಡದಿದ್ದರೆ ಸಾಕೆಂದು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಮಠದಿಂದ ಬಂದ ಅತ್ತೆ "ಅದು ಬಂದಿತ್ತಂತಲ್ಲ" ಎಂದು ಮೂಗು ಮುಚ್ಚಿಕೊಂಡರು. ನಾನು ಹಿತ್ತಲು ಸಾರಿಸಿದೆ.

ಸಂಜೆ ಮುದುಕಿ ಬಂದಳು. ತಳವಾರನ ಕೈಯಲ್ಲಿ ತನ್ನ ಕೋಳಿಯನ್ನು ಅವಳು ದಾರಿಯಲ್ಲೇ ನೋಡಿದ್ದಳು.

"ಸೊರಗಿತ್ತು ಅಂತ ಬಿಸಲಿಗೆ ಬಿಟ್ಟೆ" ಎಂದೆ.

"ಕಾವಿಗೆ ಕುಂತದ್ದು ಸೊರಗಲಾರದ ಕೊಬ್ಬತೈತೇನ್ರಿ ಅವ್ವಾ" ಎಂದಳು. ಇಷ್ಟೇ ಬೈಗುಳ. ಆಮೇಲೆ, "ತತ್ತಿ ಇನ್ನಾ ಬೆಚ್ಚಗದಾವೇನು?" ಎಂದು ಕೇಳಿದಳು.

ಬೆಚ್ಚಗಿದ್ದವು. ಇನ್ನು ಎರಡೇ ದಿನ, ಮೈಯ ಬಿಸಿ ಸಿಕ್ಕರೆ ಮರಿ ಹೊರಗೆ ಬರುತ್ತವೆ ಎಂದಳು. "ನೀನ ಇಟ್ಕೋ" ಎಂದೆ. ಅವಳು ಬೆನ್ನ ಮೇಲಿನ ಕೂಸನ್ನು ಮುಂದಕ್ಕೆ ತಂದು ತೋರಿಸಿದಳು. "ನನ್ನ ಉಡ್ಯಾಗ ಇದೈತ್ರಿ. ನಿಮ್ಮ ಉಡಿ ಖಾಲಿ ಐತಿ."

ಮದುವೆಯಾಗಿ ಎರಡು ವರ್ಷವಾಗಿದ್ದರೂ ನನಗಿನ್ನೂ ಮಕ್ಕಳಾಗಿರಲಿಲ್ಲ. ಬೇರೆ ಯಾರಾದರೂ ಆ ಮಾತು ಆಡಿದ್ದರೆ ಬೆಂಕಿಯಾಗುತ್ತಿದ್ದೆ. ಅಂದು ತೆಪ್ಪಗೆ ಹನ್ನೆರಡು ತತ್ತಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡೆ. ಕೊರಳಲ್ಲಿ ಲಿಂಗ, ಉಡಿಯಲ್ಲಿ ತತ್ತಿ. ಹೊಟ್ಟೆ ನೋವೆಂದು ಹೇಳಿ ಕಂಬಳಿ ಹೊದ್ದು ಕೋಣೆಯಲ್ಲಿ ಮಲಗಿದೆ.

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅತ್ತಿತ್ತ ಹೊರಳದೆ, ಎದ್ದರೆ ಸೊಂಟ ಹಿಡಿದು ಮೆಲ್ಲಗೆ ಹೆಜ್ಜೆಯಿಡುವ ಸೊಸೆಯನ್ನು ನೋಡಿ ಅತ್ತೆ ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. ಅವರ ಮುಖ ಅರಳಿತು. ಹುಟ್ಟಿದಾಗಿನಿಂದ ಯಾರಿಗೂ ಬಿಸಿಯಾಗಿ ಬಡಿಸದ ಹೆಂಗಸು ನನಗೆ ತುಪ್ಪ ಹಾಕಿದ ಶಾವಿಗೆ ತಂದುಕೊಟ್ಟರು. "ಏಳಬ್ಯಾಡ, ತಂಡಿ ಆದೀತು" ಎಂದು ಕೆಂಡದ ಬೋಗುಣಿಯನ್ನು ತಾವೇ ತಂದು ಮಂಚದ ಕೆಳಗೆ ಇಟ್ಟರು. ಹೆಸರೂ ಎತ್ತದ ಆ ಪ್ರಾಣಿಯ ಮರಿಗಳಿಗೆ ಎರಡು ದಿನ ಕಾವು ಕೊಟ್ಟವರಲ್ಲಿ ಅತ್ತೆಯ ಪಾಲೂ ಉಂಟು. ಅವರು ಬಾಗಿಲಲ್ಲಿ ನಿಂತು ನನ್ನ ಹೊಟ್ಟೆಯನ್ನು ನೋಡುತ್ತಿದ್ದ ಬಗೆಯನ್ನು ನೆನೆದರೆ ನನಗೆ ಈಗಲೂ ನಗು ಬರುವುದಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹೊಟ್ಟೆಯ ಮೇಲೆ ಯಾರೋ ಉಗುರಿನಿಂದ ಕೆರೆದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಏಳು ಮರಿ. ಉಳಿದ ಐದು ತತ್ತಿ ತಣ್ಣಗಾದವು. ಮರಿಗಳನ್ನು ಹೊಟ್ಟಿನ ಕೋಣೆಯ ಬುಟ್ಟಿಯಲ್ಲಿಟ್ಟೆ, ನುಚ್ಚು ಹಾಕಿದೆ, ಮುದುಕಿಗೆ ಹೇಳಿದೆ. ಆದರೆ ಮರುದಿನ ಅವಳು ಒಯ್ಯಲು ಬರುವ ಮೊದಲೇ ಅವು ಬುಟ್ಟಿ ಹಾರಿದವು. ಕಣ್ಣು ಬಿಟ್ಟಾಗ ಕಂಡ ಮುಖ ನನ್ನದು, ಕೇಳಿದ ದನಿ ನನ್ನದು. ನಾನೇ ತಾಯಿ ಎಂದು ಅವು ನಿರ್ಧರಿಸಿಬಿಟ್ಟಿದ್ದವು. ನಾನು ಚಹದ ತಟ್ಟೆ ಹಿಡಿದು ಪಡಸಾಲೆಗೆ ಹೋದರೆ ಹಿಂದೆ ಸಾಲಾಗಿ ಏಳೂ ಬಂದವು. ಪಡಸಾಲೆಯಲ್ಲಿ ಮಾವ ಕೂತಿದ್ದರು. ಎದುರಿಗೆ, ಸಾಹೇಬರಿಗೆ ನಿಮ್ಮ ಏರ್ಪಾಟು ಮೆಚ್ಚುಗೆಯಾಯಿತು ಎಂದು ಹೇಳಲು ಬಂದ ಕ್ಯಾಂಪಿನ ಗುಮಾಸ್ತ. ಬಾಗಿಲಲ್ಲಿ ಅತ್ತೆ, ಅಂಗಳದಲ್ಲಿ ತಳವಾರ.

ಒಂದು ಮರಿ ಮಾವನ ಪಾದದ ಮೇಲೆ ಹತ್ತಿ ನಿಂತಿತು.

ಮೂರು ದಿನದ ಹಿಂದೆ ಬಾರದ ಮಾತು ಆಗ ಬಂತು. "ನೀವು ಬಂಗ್ಲೆಕ್ಕ ಕಳಿಸಿದ ಕೋಳಿ ಕೊಟ್ಟಿಗಿ ಮುದುಕಿದು ರೀ ಮಾವಾ. ನಾನ ಬಚ್ಚಿಟ್ಟಿದ್ದೆ. ಈ ಮರಿ ಅದರವು. ತಾಯಿ, ಮರಿ ಕೊಟ್ಟು ಕೂಸಿಗೆ ಕಡ್ಡಿರಾಂಪುರದ ಆಡಿನವನ ಕಡಿಂದ ಒಂದು ಹಾಲಾಡು ತರಬೇಕಂತ ಇದ್ಲು ಆಕಿ. ಈಗ ತಾಯಿ ಇಲ್ಲದ ಮರಿಗೆ ಯಾರು ಆಡು ಕೊಡ್ತಾರ? ಕೂಸು ಗಂಜಿ ನೀರು ಕುಡದು ಸಾಯಾಕ ಹತ್ತೈತಿ."

ಮಾವ ಮೊದಲು ನನ್ನನ್ನು ನೋಡಿದರು, ಆಮೇಲೆ ಗುಮಾಸ್ತನನ್ನು. ಆಮೇಲೆ ಮೀಸೆಯ ಮೇಲೆ ಕೈಯಾಡಿಸಿ ನಕ್ಕರು. "ಇಷ್ಟ ಏನು. ಮುನ್ಸೀಫನ ಊರಾಗ ಒಂದು ಕೂಸು ಹಾಲಿಲ್ಲದ ಅಳೂದಂದ್ರೇನು? ತಳವಾರಾ, ಕಡ್ಡಿರಾಂಪುರಕ್ಕ ಹೋಗು. ಒಂದು ಹಾಲಾಡು ಹಿಡ್ಕೊಂಡು ಬಂದು ಆ ಮುದುಕಿ ಬಾಗಿಲಿಗೆ ಕಟ್ಟು."

"ಭಾಳ ದೊಡ್ಡ ಮನಸು ರೀ ನಿಮ್ದು" ಎಂದ ಗುಮಾಸ್ತ. ಗೋಡೆಯಾಚೆ ಐದು ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಅವುಗಳ ಕಡೆ ಯಾರ ಗಮನವೂ ಹೋಗಲಿಲ್ಲ.

ಮನೆಯನ್ನು ತೊಳೆದದ್ದು, ನನಗೆ ತಲೆಗೆ ನೀರು ಹೊಯ್ದದ್ದು, ಅಯ್ಯನವರನ್ನು ಕರೆಸಿ ಶುದ್ಧ ಮಾಡಿಸಿದ್ದು ಎಲ್ಲ ಆಯಿತು. ಅತ್ತೆ ನನ್ನ ಜೊತೆ ಒಂದು ವಾರ ಮಾತು ಬಿಟ್ಟರು. ಸಿಟ್ಟು ಮರಿಗಳ ಮೇಲಲ್ಲ, ಇಲ್ಲದ ಮೊಮ್ಮಗನ ಮೇಲೆ. ನಾನಂತೂ ನೆಲದ ಮೇಲೆ ನಡೆಯುತ್ತಿರಲಿಲ್ಲ. ಮಾವನ ಬಾಯಿಂದ ನ್ಯಾಯ ಹೊರಡಿಸಿದ ಸೊಸೆ ಎಂದು ನನಗೆ ನಾನೇ ಆರತಿ ಎತ್ತಿಕೊಳ್ಳುತ್ತಿದ್ದೆ.

ಆಡು ಮರುದಿನ ಬಂತು. ಕಪ್ಪು ಆಡು, ಕಿವಿ ಸೀಳಿದ್ದು. ನೋಡಿ ಬರೋಣವೆಂದು ಕುಳ್ಳು ತರುವ ನೆಪದಲ್ಲಿ ಆಚೆ ಓಣಿಗೆ ಹೋದೆ. ತಳವಾರ ಅದನ್ನು ಕಟ್ಟುತ್ತಿದ್ದ. ಮುದುಕಿ ದೂರ ನಿಂತಿದ್ದಳು.

"ಎಲ್ಲಿಂದ ತಂದಿ?" ಎಂದು ಅವನನ್ನು ಕೇಳಿದಳು.

"ನೀ ಮಾತಾಡಿದ್ಯಲ್ಲ, ಆ ಆಡಿನವನ ಹಟ್ಟಿಯಿಂದನ. ಕ್ಯಾಂಪಿಗೆ ಬೇಕು ಅಂದೆ. ಬಿಟ್ಟ" ಎಂದ ತಳವಾರ. ಒಳ್ಳೆಯ ಕೆಲಸ ಮಾಡಿದವನ ಮುಖ ಅವನದು.

ನನ್ನ ಆರತಿ ಅಲ್ಲಿಗೆ ನಂದಿತು. ಮಾವ ದಾನ ಮಾಡಿದ್ದು ತಮ್ಮ ಹಟ್ಟಿಯದಲ್ಲ, ಕೊಂಡದ್ದೂ ಅಲ್ಲ. ಒಬ್ಬಳ ಕೋಳಿಗೆ ಬದಲಾಗಿ ಇನ್ನೊಬ್ಬನ ಆಡು ಹಿಡಿಸಿದ್ದರು, ಅಷ್ಟೇ. ಹಿಂದಕ್ಕೆ ಕಳಿಸು ಎಂದು ಹೇಳಬೇಕಿತ್ತು. ಬೆನ್ನಿನ ಕೂಸು ಅಳುತ್ತಿತ್ತು, ನನ್ನ ಬಾಯಿ ಏಳಲಿಲ್ಲ. ಮುದುಕಿ ಬಹಳ ಹೊತ್ತು ಆಡನ್ನು ನೋಡಿದಳು. ಆಮೇಲೆ ಕೂತು ಪರಟೆಗೆ ಹಾಲು ಕರೆದಳು. "ಕೂಸು ಕುಡೀಲಿ. ಆಮ್ಯಾಲ ನೋಡೂಣು" ಎಂದಳು. ನನಗೆ ಹೇಳಿದಳೋ ಆಡಿಗೆ ಹೇಳಿದಳೋ ಗೊತ್ತಿಲ್ಲ.

ಕೂಸು ಕುಡಿಯಿತು. ತಿಂಗಳಲ್ಲಿ ಕೆನ್ನೆ ಬಂತು. ಏಳು ಮರಿಗಳಲ್ಲಿ ಮೂರನ್ನು ಹದ್ದು ಒಯ್ದಿತು, ಒಂದು ತಾನಾಗಿ ಸತ್ತಿತು. ಉಳಿದ ಮೂರನ್ನು ಮುದುಕಿ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದಳು. ಅದರಲ್ಲಿ ಒಂದು ಹೇಂಟೆ ಮುಂದಿನ ಸುಗ್ಗಿಯ ಹೊತ್ತಿಗೆ ಕಾವಿಗೆ ಕೂತಿತು. ಈ ಸಲ ನನ್ನನ್ನು ಕೇಳಲು ಬರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು.

ಒಂದು ದಿನ ಬೆಳಿಗ್ಗೆ ಕೊಟ್ಟಿಗೆಯ ಕೆಲಸ ಮುಗಿಸಿದವಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕಡ್ಡಿರಾಂಪುರದ ಕಡೆ ನಡೆದಳು. ಬುಟ್ಟಿಯಲ್ಲಿ ಏನೆಂದು ಕೇಳಿದೆ. ಇಳಿಸಿ ತೋರಿಸಿದಳು: ತಾಯಿಕೋಳಿ, ಅದರ ರೆಕ್ಕೆಯ ಕೆಳಗೆ ಹನ್ನೆರಡು ಮರಿ. ಆಡಿನವನು ಅಷ್ಟು ತಿಂಗಳು ಒಂದು ಸಲವೂ ಕೇಳಲು ಬಂದಿರಲಿಲ್ಲ. ಮುನ್ಸೀಫರು ಕೊಡಿಸಿದ ಆಡನ್ನು ಯಾರು ಕೇಳುತ್ತಾರೆ?

ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಅವಳು ತಿರುಗಿ ಬಂದಾಗ ಮಾವ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡಿದ್ದರು. ಅವಳನ್ನು ಕಂಡು, ನಾಲ್ವರಿಗೂ ಕೇಳುವ ಹಾಗೆ, "ಏನಬೇ, ನಾ ಕೊಟ್ಟ ಆಡು ಚಲೋ ಹಾಲು ಕೊಡತೈತೇನು?" ಎಂದರು.

ಮುದುಕಿ ನಿಂತಳು. "ಕೊಡತೈತ್ರಿ ಗೌಡ್ರ" ಎಂದಳು. "ಇವತ್ತಿಂದ ಅದು ನಂದು ಆತ್ರಿ."

ಮಾವ ನಾಲ್ವರ ಕಡೆ ತಿರುಗಿ ಧಾರಾಳವಾಗಿ ನಕ್ಕರು. "ನಿಂದ ಅಂತ ತಿಳ್ಕೊಂಡು ಸಾಕಿಕೋ ಅಂತ ಅವತ್ತ ಹೇಳಿದ್ದೆ ನಾ" ಎಂದು, ಅವಳಿಗೊಂದು ಚೆಂಬು ಮಜ್ಜಿಗೆ ಕೊಡು ಎಂದು ಒಳಗೆ ನನಗೆ ಕೂಗಿ ಹೇಳಿದರು. ನಾನು ಮಜ್ಜಿಗೆ ತರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.